ಜೊಂಪಿನಲ್ಲಿ ಕೇಳೋ ದನಿಗೆ ಯಾಕ್ರೀ ಹುಚ್ಚಿನ ಪಟ್ಟ?

ನಿನ್ನೆ ರಾತ್ರಿ ಹನ್ನೊಂದೂಮುಕ್ಕಾಲಿಗೆ ನಮ್ಮನೆ ಅಡುಗೆಮನೆಯಲ್ಲಿ ಹಿತ್ತಾಳೆ ಹರಿವಾಣ ಬಿತ್ತು. 'ಠಣ್' ಅಂತ ಬಿದ್ದು, ನೆಲದ ಮೇಲೆ ಗಿರಗಿರ ತಿರುಗಿ, ಆಮೇಲೆ ಸುಮ್ಮನಾಯಿತು. ನಾನು ಏಳಲಿಲ್ಲ. ಮಗ್ಗುಲು ಬದಲಿಸಿ ಮಲಗಿದೆ. ಯಾಕಂದ್ರೆ ನಮ್ಮ ಬೆಂಗಳೂರಿನ ಮನೆಯಲ್ಲಿ ಹರಿವಾಣ ಅನ್ನೋದೇ ಇಲ್ಲ! ಅದು ಇದ್ದದ್ದು ತೀರ್ಥಹಳ್ಳಿ ಕಡೆಯ ನಮ್ಮ ಹಳೇ ಮನೆಯಲ್ಲಿ. ಆ ಮನೆ ಪಾಲಾಗಿ ಎಷ್ಟೋ ವರ್ಷ ಆಯ್ತು. ಹರಿವಾಣ ಯಾರ ಪಾಲಿಗೆ ಹೋಯ್ತೋ ನನಗೆ ಗೊತ್ತಿಲ್ಲ. ಸದ್ದು ಮಾತ್ರ ನನ್ನ ಪಾಲಿಗೆ ಬಂದಿದೆ :-)

ಇದು ಇವತ್ತು ನಿನ್ನೆಯದಲ್ಲ. ಬುದ್ಧಿ ಬಂದಾಗಿನಿಂದ ಹೀಗೇ. ದಿಂಬಿಗೆ ತಲೆ ಕೊಟ್ಟು, ಇನ್ನೇನು ಜೊಂಪು ಹತ್ತಬೇಕು ಅನ್ನೋ ಹೊತ್ತಿಗೆ ಏನಾದರೊಂದು ಕೇಳುತ್ತೆ. ಹೆಚ್ಚಿನ ದಿನ ಅಮ್ಮ ಹೆಸರು ಹಿಡಿದು ಕರೀತಾಳೆ. ಒಂದೇ ಸಲ, ಹಿತ್ತಲ ಕಡೆಯಿಂದ, ಸ್ವಲ್ಪ ಅವಸರದಲ್ಲಿ. ಕೆಲವು ದಿನ ಭದ್ರಾವತಿ ಆಕಾಶವಾಣಿ ಹಚ್ಚಿಟ್ಟು ಯಾರೋ ದೂರ ಹೋದ ಹಾಗೆ ಅರ್ಧ ಕೇಳಿ ಅರ್ಧ ಕೇಳದ ಮಾತು. ಬಾಗಿಲು ಬಡಿದ ಸದ್ದು. ಒಮ್ಮೊಮ್ಮೆ ಪೂರ್ತಿ ವಾಕ್ಯಗಳೇ ಬರುತ್ತವೆ, ವ್ಯಾಕರಣ ಸರಿಯಾಗಿರುತ್ತೆ, ಅರ್ಥ ಮಾತ್ರ ದೇವರಿಗೇ ಪ್ರೀತಿ. "ಏಣಿಯನ್ನು ಬಾಳೆಕಾಯಿ ಪಕ್ಕದಲ್ಲೇ ಇಟ್ಟಿದ್ದಾರಂತೆ" ಅಂತ ಒಬ್ಬ ಗಂಡಸು ಬಲು ಗಂಭೀರವಾಗಿ ಹೇಳಿದ್ದು ಇನ್ನೂ ನೆನಪಿದೆ. ಯಾರು ಸ್ವಾಮಿ ನೀವು? ಯಾವ ಏಣಿ?

ಇಷ್ಟನ್ನೂ ನಾನು ನಲವತ್ತು ವರ್ಷದಲ್ಲಿ ಯಾರ ಹತ್ರವೂ ಬಾಯಿ ಬಿಟ್ಟಿರಲಿಲ್ಲ. ಹೆಂಡತಿಗೂ ಇಲ್ಲ. ಈಗ ಕೂತು ಕುಟ್ಟುತ್ತಿದ್ದೇನೆ ಅಂದರೆ ಸಿಟ್ಟು ಬಂದಿದೆ ಅಂತಲೇ ಅರ್ಥ. ಬೇರೆಯವರ ಮೇಲೆ ಬಂದ ಸಿಟ್ಟು ಅರ್ಧ, ನನ್ನ ಮೇಲೇ ಬಂದದ್ದು ಇನ್ನರ್ಧ.

ನಮ್ಮ ಚಿಕ್ಕಪ್ಪನ ಮಗಳೊಬ್ಬಳಿದ್ದಾಳೆ. ಮನೆಯಲ್ಲಿ ಎಲ್ಲರಿಗೂ 'ಪುಟ್ಟಿ'. ಮೂರು ವರ್ಷದ ಹಿಂದೆ ಮದುವೆಯಾಗಿ ಪೇಟೆ ಸೇರಿದಳು. ಮನೆ ತುಂಬ ಜನ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೆರಡಕ್ಕೆ ಮಲಗೋ ಸೊಸೆ. ಒಂದು ದಿನ ಕಾಫಿ ಕುಡಿಯುವಾಗ ಅತ್ತೆ ಹತ್ರ ನಗುತ್ತಾ ಹೇಳಿದ್ದಾಳೆ: "ಅತ್ತೆ, ರಾತ್ರಿ ನಿದ್ದೆ ಹತ್ತೋ ಹೊತ್ತಿಗೆ ಯಾರೋ ನನ್ನ ಹೆಸರು ಕರೆದ ಹಾಗಾಗುತ್ತೆ, ಥೇಟ್ ಅಮ್ಮನ ದನಿ." ಅಷ್ಟೇ. ತವರು ನೆನಪಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಂಕೋಚದ ಮಾತು ಇನ್ನೇನಿದೆ?

ಆ ಒಂದು ಮಾತಿಗೆ ಅವಳು ಕೊಟ್ಟ ಬೆಲೆ ಕೇಳಿ. ಮೊದಲು ನಿಂಬೆಹಣ್ಣು, ಕಪ್ಪು ದಾರ. ಆಮೇಲೆ ಯಾರದೋ ಮನೆಯ ಹಿಂದಿನ ಕೋಣೆ, ಹೊಗೆ, ಬೆನ್ನ ಮೇಲೆ ಬೇವಿನ ಸೊಪ್ಪಿನ ಬಾರು. "ಯಾರು ನೀನು, ಯಾಕೆ ಬಂದಿದೀಯ, ಹೇಳು!" ಅಂತ ಗದರಿಸಿದರಂತೆ. ಎಂಕಾಂ ಮಾಡಿದ ಹುಡುಗಿ ಏನು ಹೇಳಬೇಕು? ಹೆಸರು ಹೇಳಿ, ಊರು ಹೇಳಿ ಅತ್ತಿದ್ದಾಳೆ. ದೆವ್ವ ಬಗ್ಗಲಿಲ್ಲ ಅಂತ ಅಲ್ಲಿಂದ ಡಾಕ್ಟರ ಹತ್ರ ಕರೆದುಕೊಂಡು ಹೋದರು. ಅಲ್ಲಾದರೂ ನೆಟ್ಟಗಾಯಿತಾ ಅಂದ್ರೆ, ಅಲ್ಲಿ ನಡೆದದ್ದು ಇಷ್ಟು.

"ಧ್ವನಿ ಕೇಳುತ್ತಾ?"

"ಹೂಂ."

"ಎಷ್ಟು ದಿನದಿಂದ?"

"ಚಿಕ್ಕವಳಿದ್ದಾಗಿಂದ ಸರ್."

ಚೀಟಿ ಬರೆದಾಯಿತು. ಹೊರಗೆ ಟೋಕನ್ ಹಿಡಿದು ಎರಡು ಗಂಟೆ ಕಾದದ್ದು, ಒಳಗೆ ನಾಲ್ಕು ನಿಮಿಷ. ಮಾತ್ರೆ ಶುರುವಾದ ಮೇಲೆ ದಿನಕ್ಕೆ ಹದಿನಾಲ್ಕು ಗಂಟೆ ಮಲಗೋಳು. ಕೈ ನಡುಕ, ಮೈ ಊತ, ಮಾತು ನಿಧಾನ. ಆಗ ನೋಡಿ, ಗಂಡನ ಮನೆಯವರಿಗೆ ನಿಜಕ್ಕೂ ಸಾಕ್ಷಿ ಸಿಕ್ಕಿತು! ನೋಡೋಕೂ ಹುಚ್ಚಿ ಥರಾನೇ ಕಾಣ್ತಾಳಲ್ಲ! "ಮೊದಲೇ ಹೇಳದೆ ಗಂಟು ಹಾಕಿದ್ರಿ" ಅಂತ ತಂದು ತವರಲ್ಲಿ ಬಿಟ್ಟು ಹೋದರು. ಹಿಂದೆಯೇ ವಕೀಲರ ನೋಟೀಸು. ಅದಕ್ಕೆ ಲಗತ್ತಿಸಿದ್ದು ಏನು ಗೊತ್ತಾ? ಆ ನಾಲ್ಕು ನಿಮಿಷದ ಚೀಟಿ.

ಚಿಕ್ಕಪ್ಪನ ಮನೆ ಜಗಲಿಯಲ್ಲಿ ಹಿರಿಯರೆಲ್ಲ ಕೂತಾಗ ನಾನೂ ಇದ್ದೆ. ದೊಡ್ಡಪ್ಪ ಕೇಳಿದರು, "ಅಲ್ಲಾ, ನಮ್ಮ ಕುಟುಂಬದಲ್ಲಿ ಹಿಂದೆ ಯಾರಿಗಾದ್ರೂ ಹೀಗೆ ಕಿವಿಗೆ ಕೇಳೋದು ಗೀಳೋದು ಇತ್ತೇನ್ರೋ?" ಜಗಲಿ ಗಪ್‌ಚುಪ್. ನಾನು ಕಾಫಿ ಲೋಟದೊಳಗೆ ನೋಡುತ್ತಾ ಕೂತಿದ್ದೆ. ತಳದಲ್ಲಿ ಕರಗದೆ ಉಳಿದ ಸಕ್ಕರೆ ಇತ್ತು. ನನ್ನ ಮಗಳು ಈಗ ಎರಡನೇ ಪಿಯುಸಿ. ನಾಳೆ ಅವಳಿಗೂ ಗಂಡು ನೋಡಬೇಕಲ್ಲ ಅನ್ನೋ ಯೋಚನೆ ಆ ಕ್ಷಣಕ್ಕೆ ಬಂತು ನೋಡಿ, ಬಾಯಿಗೆ ಬೀಗ ಬಿತ್ತು. ಪುಟ್ಟಿ ಒಳಗಿನ ಬಾಗಿಲ ಹತ್ರ ನಿಂತಿದ್ದಳು.

ಇರಲಿ. ಈಗ ಆಡದೇ ಉಳಿದ ಮಾತು ಆಡ್ತೀನಿ.

ನಿದ್ದೆ ಹತ್ತೋವಾಗ ಮೆಟ್ಟಿಲು ತಪ್ಪಿದ ಹಾಗಾಗಿ ಬೆಚ್ಚಿ ಬೀಳೋದು ನಿಮಗೆಲ್ಲ ಗೊತ್ತು ತಾನೇ? ಕಾಲು ಝಾಡಿಸಿ, ಎದೆ ಢವಢವ ಅಂದು, ಪಕ್ಕದಲ್ಲಿ ಮಲಗಿದವರಿಗೆ ಒಂದು ಒದೆ ಬಿದ್ದು, ಬೆಳಿಗ್ಗೆ ಅದೇ ತಮಾಷೆ. ಇಲ್ಲದ ಮೆಟ್ಟಿಲಿಂದ ಬಿದ್ದವನನ್ನು ಯಾರಾದರೂ ಮಂತ್ರವಾದಿ ಹತ್ರ ಎಳೆದುಕೊಂಡು ಹೋಗಿದ್ದುಂಟಾ? ಇಲ್ಲದ ಮೆಟ್ಟಿಲು ಕಾಲಿಗೆ ಸಿಕ್ಕರೆ ತಮಾಷೆ, ಇಲ್ಲದ ದನಿ ಕಿವಿಗೆ ಸಿಕ್ಕರೆ ಹುಚ್ಚು. ಇದು ಯಾವ ಊರಿನ ನ್ಯಾಯ?

ಇದಕ್ಕೊಂದು ಹೆಸರು ಇಟ್ಟು ನೂರೆಪ್ಪತ್ತು ವರ್ಷ ದಾಟಿದೆ. 1848ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಮೋರಿ ಅನ್ನೋ ವಿದ್ವಾಂಸ 'ಹಿಪ್ನಗಾಜಿಕ್' ಅಂತ ಕರೆದ. ಗ್ರೀಕ್ ಮೂಲದ ಪದ, ನಿದ್ದೆಯ ಕಡೆಗೆ ಕರೆದುಕೊಂಡು ಹೋಗೋದು ಅಂತ ಅರ್ಥ. ಆತ ತಾನೇ ತೂಕಡಿಸುವಾಗ ಕಂಡದ್ದನ್ನು ಬರೆದಿಟ್ಟುಕೊಂಡವನು. ಏಳುವ ಹೊತ್ತಿನಲ್ಲಿ ಆಗೋದಕ್ಕೆ ಬೇರೆ ಹೆಸರಿದೆ, 'ಹಿಪ್ನಪಾಂಪಿಕ್'. ಎಷ್ಟು ಜನಕ್ಕೆ ಹೀಗಾಗುತ್ತೆ? 1996ರಲ್ಲಿ ಮಾರಿಸ್ ಓಹಾಯೋನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಫೋನ್ ಮಾಡಿ 4,972 ಜನರನ್ನು ಮಾತಾಡಿಸಿ ಪ್ರಕಟಿಸಿದ ಲೆಕ್ಕ ಇದೆ. ನೂರಕ್ಕೆ 37 ಜನ ನಿದ್ದೆ ಹತ್ತುವಾಗ ಇಂಥದ್ದು ಆಗುತ್ತೆ ಅಂದರು. (ನ್ಯಾಯವಾಗಿ ಹೇಳಬೇಕು: ಇದರಲ್ಲಿ ಬರೀ ಸದ್ದು ಮಾತ್ರ ಅಲ್ಲ, ಬಿದ್ದ ಹಾಗಾಗೋದು, ಕೋಣೆಯಲ್ಲಿ ಯಾರೋ ಇದ್ದ ಹಾಗನಿಸೋದು, ಮುಖಗಳು ಕಾಣೋದು ಎಲ್ಲ ಸೇರಿದೆ.) ಹಾಗಾದರೆ ಒಂದು ಬಸ್ಸಿನಲ್ಲಿ ಐವತ್ತು ಜನ ಕೂತಿದ್ದರೆ ಹದಿನೆಂಟು ಜನ! ಕಂಡಕ್ಟರನ್ನೂ ಸೇರಿಸಿದರೆ ಇನ್ನೊಬ್ಬ ಸಿಕ್ಕರೂ ಸಿಕ್ಕ.

ಯಾಕೆ ಹೀಗಾಗುತ್ತೆ? ನಾನೇನು ಡಾಕ್ಟರಲ್ಲ, ಓದಿ ತಿಳಿದಷ್ಟು ಹೇಳ್ತೀನಿ. ಕಣ್ಣು ಕಿವಿಯಿಂದ ಬಂದ ಸುದ್ದಿಯನ್ನು ಮಿದುಳಿನ ಮೇಲ್ಪದರಕ್ಕೆ ತಲುಪಿಸುವುದು ಒಳಗಿರುವ ಥಲಾಮಸ್ ಅನ್ನೋ ಭಾಗ. ಒಂಥರಾ ಹೆಬ್ಬಾಗಿಲು ಅಂದ್ಕೊಳ್ಳಿ. 2010ರಲ್ಲಿ ಫ್ರಾನ್ಸಿನ ಮಿಷೆಲ್ ಮಾನ್ಯಾಂ ಮತ್ತು ಅವರ ತಂಡ ಅಪಸ್ಮಾರದ ಚಿಕಿತ್ಸೆಗಾಗಿ ಮಿದುಳಿನೊಳಗೆ ಎಲೆಕ್ಟ್ರೋಡ್ ಇಡಿಸಿಕೊಂಡಿದ್ದ ರೋಗಿಗಳಲ್ಲಿ ಗಮನಿಸಿದ್ದೇನಂದ್ರೆ, ನಿದ್ದೆ ಬರುವಾಗ ಥಲಾಮಸ್ ಮೊದಲು ಮಲಗುತ್ತೆ, ಮೇಲ್ಪದರ ಇನ್ನೂ ಹಲವು ನಿಮಿಷ ಎಚ್ಚರವಾಗೇ ಇರುತ್ತೆ. ಅಂದರೆ ಹೆಬ್ಬಾಗಿಲು ಹಾಕಿಯಾಯ್ತು, ಒಳಗೆ ದೀಪ ಇನ್ನೂ ಆರಿಲ್ಲ. ಹೊರಗಿಂದ ಏನೂ ಬರದಿದ್ದಾಗ ಒಳಗಿದ್ದವರು ಸುಮ್ಮನಿರ್ತಾರಾ? ಹಳೇ ಗಂಟು ಬಿಚ್ಚಿ ಕೂರ್ತಾರೆ. ಹರಿವಾಣ, ಅಮ್ಮ, ಭದ್ರಾವತಿ ಸ್ಟೇಷನ್ನು. ಅದಕ್ಕೇ ಇರಬೇಕು, ಅರೆನಿದ್ದೆಯ ಸದ್ದು ಅಷ್ಟು ಖರೆ ಅನಿಸೋದು.

ಇನ್ನು ಕೆಲವರಿಗೆ ತಲೆಯೊಳಗೇ ಬಾಂಬು ಸಿಡಿದ ಹಾಗೆ 'ಢಂ' ಅನ್ನುತ್ತೆ. ನೋವಿಲ್ಲ, ಹೆದರಿಕೆ ಮಾತ್ರ. ಅಮೆರಿಕದ ವೈರ್ ಮಿಚೆಲ್ 1876ರಲ್ಲೇ ಇದನ್ನು ಬರೆದಿದ್ದ. 1988ರಲ್ಲಿ ಬ್ರಿಟನ್ನಿನ ವೈದ್ಯ ಪಿಯರ್ಸ್ 'ಎಕ್ಸ್‌ಪ್ಲೋಡಿಂಗ್ ಹೆಡ್ ಸಿಂಡ್ರೋಮ್' ಅಂತ ಹೆಸರಿಟ್ಟ. ಹೆಸರು ಕೇಳಿದರೇ ಪ್ರಾಣ ಹೋಗುತ್ತೆ, ಇಟ್ಟವನಿಗೆ ಸ್ವಲ್ಪ ಕರುಣೆ ಇರಬಾರದಿತ್ತಾ! 2015ರಲ್ಲಿ ಬ್ರಯಾನ್ ಶಾರ್ಪ್‌ಲೆಸ್ 211 ಕಾಲೇಜು ಹುಡುಗ ಹುಡುಗಿಯರನ್ನು ಕೇಳಿದಾಗ ನೂರಕ್ಕೆ 18 ಜನಕ್ಕೆ ಬದುಕಲ್ಲಿ ಒಮ್ಮೆಯಾದರೂ ಅದು ಆಗಿತ್ತು.

ಈಗ ನನ್ನ ಅಸಲು ಜಗಳಕ್ಕೆ ಬರ್ತೀನಿ. ಮನೋವೈದ್ಯರು ಎದುರಿಗಿಟ್ಟುಕೊಳ್ಳುವ ಡಿಎಸ್ಎಂ ಅನ್ನೋ ಪುಸ್ತಕ ಇದೆಯಲ್ಲ, ಅಮೆರಿಕದ ಮನೋವೈದ್ಯರ ಸಂಘ ತರೋದು, ಅದರ 1994ರ ನಾಲ್ಕನೇ ಆವೃತ್ತಿಯಲ್ಲೂ 2013ರ ಐದನೆಯದರಲ್ಲೂ ಈ ವಿಷಯ ನಿಚ್ಚಳವಾಗಿದೆ. ದನಿ ಕೇಳೋದನ್ನು ರೋಗದ ಲಕ್ಷಣ ಅಂತ ಎಣಿಸಬೇಕಾದರೆ ಪೂರ್ತಿ ಎಚ್ಚರ ಇದ್ದಾಗ ಕೇಳಿರಬೇಕು. ನಿದ್ದೆಗೆ ಜಾರುವಾಗ, ನಿದ್ದೆಯಿಂದ ಏಳುವಾಗ ಆಗುವುದು ಸಾಮಾನ್ಯ ಜನರ ಅನುಭವದ ಮಿತಿಯಲ್ಲೇ ಬರುತ್ತೆ. ಅಂದರೆ ಪುಟ್ಟಿಗೆ ಕೇಳಬೇಕಿದ್ದ ಪ್ರಶ್ನೆ ಒಂದೇ ಒಂದು: "ಯಾವಾಗ ಕೇಳುತ್ತಮ್ಮ?" ಎರಡೇ ಸೆಕೆಂಡಿನ ಪ್ರಶ್ನೆ. ನಾಲ್ಕು ನಿಮಿಷದಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. "ಎಷ್ಟು ದಿನದಿಂದ" ಅಂತ ಕೇಳಿದವರಿಗೆ "ದಿನದ ಯಾವ ಹೊತ್ತಲ್ಲಿ" ಅಂತ ಕೇಳೋಕೆ ಏನು ಅಡ್ಡಿಯಿತ್ತು?

ಡಾಕ್ಟರುಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಹೊರಗೆ ನೂರು ಜನ ಕಾಯ್ತಿರ್ತಾರೆ. ಆದರೆ ನೂರು ಜನರ ಸಾಲಿನಲ್ಲಿ ಒಬ್ಬಳ ಸಂಸಾರ ಮುರಿದರೆ ಆ ಲೆಕ್ಕ ಯಾರ ಖಾತೆಗೆ?

1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಡೇವಿಡ್ ರೋಸೆನ್‌ಹಾನ್ ಬರೆದ ಲೇಖನ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಯಾವ ಕಾಯಿಲೆಯೂ ಇಲ್ಲದ ಎಂಟು ಜನ ಅಮೆರಿಕದ ಆಸ್ಪತ್ರೆಗಳಿಗೆ ಹೋಗಿ, ದನಿ ಕೇಳುತ್ತೆ, 'ಖಾಲಿ', 'ಟೊಳ್ಳು', 'ಧಡ್' ಅನ್ನುತ್ತೆ ಅಂದರಂತೆ. ಎಲ್ಲರನ್ನೂ ಒಳಗೆ ಹಾಕಿದರು, ಸರಾಸರಿ 19 ದಿನ. ಈ ಕಥೆಯನ್ನು ನಾನು ಎಷ್ಟು ಜನಕ್ಕೆ ಹೇಳಿಕೊಂಡು ತಿರುಗಿದ್ದೇನೋ. ಆದರೆ 2019ರಲ್ಲಿ ಸುಸಾನಾ ಕಹಲನ್ ಅನ್ನೋ ಪತ್ರಕರ್ತೆ ಬೆನ್ನು ಹತ್ತಿ ಹುಡುಕಿ, ಅವನ ಲೇಖನದಲ್ಲೇ ಹುಳುಕಿದೆ ಅಂತ ಪುಸ್ತಕ ಬರೆದಳು. ಹಾಗಾಗಿ ಅದನ್ನು ಬ್ರಹ್ಮಾಸ್ತ್ರದ ಥರ ಬಿಡೋಕೆ ನನಗೀಗ ಧೈರ್ಯವಿಲ್ಲ. ಬೇಡ ಬಿಡಿ. ನಮ್ಮನೆಯಲ್ಲೇ ಒಂದು ಚೀಟಿ ಇದೆಯಲ್ಲ, ಅಮೆರಿಕಕ್ಕೆ ಯಾಕೆ ಹೋಗಬೇಕು?

ಮಂತ್ರವಾದಿಗಳ ವಿಷಯಕ್ಕೆ ಜಾಸ್ತಿ ಶಾಯಿ ಖರ್ಚು ಮಾಡಲ್ಲ. (ಕೀಬೋರ್ಡಿಗೆ ಶಾಯಿ ಎಲ್ಲಿಂದ ಬಂತು ಅಂತ ಕೇಳಬೇಡಿ.) ಕರ್ನಾಟಕದಲ್ಲಿ ವಾಮಾಚಾರ ಪ್ರತಿಬಂಧಕ ಕಾಯಿದೆ 2017ರಲ್ಲೇ ಆಗಿ, 2020ರಲ್ಲಿ ಜಾರಿಗೂ ಬಂದಿದೆ. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು ಅದರ ಪ್ರಕಾರ ಅಪರಾಧ. ದೂರು ಕೊಡೋರು ಯಾರು? ಹೊಡೆಸಿಕೊಂಡವಳನ್ನು ಕರೆದುಕೊಂಡು ಹೋದವರೇ ಅವಳ ಮನೆಯವರು!

ನನಗೆ ಹೆಚ್ಚು ಉರಿಯೋದು ಇನ್ನೊಂದಕ್ಕೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿವೃತ್ತರೊಬ್ಬರಿದ್ದಾರೆ. ಬೆಳಗಿನ ವಾಕಿಂಗಿನಲ್ಲಿ ಒಮ್ಮೆ ಅವರು ಹೇಳ್ತಿದ್ರು, ಮಲಗೋ ಹೊತ್ತಿಗೆ ತಮಗೆ ಗಂಟೆಯ ನಾದ ಕೇಳುತ್ತಂತೆ, ಅದು ಅನಾಹತ ನಾದವಂತೆ, ಸಾಧನೆಯ ಫಲವಂತೆ. ಸುತ್ತ ನಿಂತವರೆಲ್ಲ ಕೈ ಮುಗಿಯೋದೊಂದು ಬಾಕಿ. ಸರಿ, ಅವರ ನಂಬಿಕೆ ಅವರಿಗೆ, ನನ್ನದೇನೂ ತಕರಾರಿಲ್ಲ. ಆದರೆ ನೋಡಿ, ಪಿಂಚಣಿ ಬರುವ ಗಂಡಸಿಗೆ ಅರೆನಿದ್ದೆಯಲ್ಲಿ ಕೇಳಿದರೆ ಅದು ದೈವ. ಹೊಸ ಸೊಸೆಗೆ ಕೇಳಿದರೆ ಅದು ದೆವ್ವ. ಕಿವಿ ಒಂದೇ, ಜೊಂಪು ಒಂದೇ, ಒತ್ತಕ್ಷರ ಮಾತ್ರ ಬೇರೆ.

ದೆವ್ವ ಅಂದ ಕೂಡಲೆ 'ನಾಳೆ ಬಾ' ನೆನಪಾಗಲಿಲ್ಲವಾ ನಿಮಗೆ? 1990ರ ದಶಕದಲ್ಲಿ ನಾನು ಮಿಡ್ಲ್ ಸ್ಕೂಲು. ರಾತ್ರಿ ಹೊತ್ತು ದೆವ್ವವೊಂದು ಮನೆಮನೆಗೆ ಬಂದು, ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ, ಓಗೊಟ್ಟು ಬಾಗಿಲು ತೆಗೆದರೆ ಕಥೆ ಮುಗೀತು ಅಂತ ಸುದ್ದಿ. ಅದಕ್ಕೆ ಉಪಾಯ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯೋದು. ದೆವ್ವ ಓದಿಕೊಂಡು ವಾಪಸು ಹೋಗುತ್ತೆ, ಮಾರನೇ ದಿನ ಬಂದರೆ ಮತ್ತೆ ಅದೇ ಬರಹ. (ಕನ್ನಡ ಓದೋಕೆ ಬರುವ ದೆವ್ವ! ಈಗಿನ ಕಾಲದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ.) 2018ರ 'ಸ್ತ್ರೀ' ಅನ್ನೋ ಹಿಂದಿ ಸಿನಿಮಾ ಹುಟ್ಟಿದ್ದೂ ಇದೇ ಕಥೆಯಿಂದ. ನಮ್ಮ ಬಾಗಿಲ ಮೇಲೆ ಇದ್ದಿಲಲ್ಲಿ ಬರೆದವನು ನಾನೇ. ಯಾಕಂದ್ರೆ ನನಗೆ ನಿಜವಾಗಿಯೂ ಕೇಳುತ್ತಿತ್ತು! ಹೆಸರು ಹಿಡಿದು, ಅಮ್ಮನ ದನಿಯಲ್ಲಿ, ಮಲಗೋ ಹೊತ್ತಿಗೇ ಸರಿಯಾಗಿ. ಆ ಸುದ್ದಿ ಅಷ್ಟು ಬೇಗ ಊರಿಂದ ಊರಿಗೆ ಹಬ್ಬಿದ್ದಕ್ಕೆ ಇದೂ ಒಂದು ಕಾರಣ ಇರಬಹುದು ಅಂತ ನನ್ನ ಗುಮಾನಿ. ಕೇಳಿಸಿಕೊಂಡವರು ಊರಿಗೆ ಹತ್ತಾರು ಜನ ಮೊದಲೇ ಇದ್ದರು, ಹೇಳಿಕೊಳ್ಳೋಕೆ ಕಥೆ ಇರಲಿಲ್ಲ. ದೆವ್ವದ ಕಥೆ ಬಂತು, ಎಲ್ಲರಿಗೂ ಬಾಯಿ ಬಂತು. ಆ ವರ್ಷ ಮಾತ್ರ ನನಗೆ ಒಬ್ಬನೇ ಅನಿಸಲಿಲ್ಲ. ವಿಜ್ಞಾನ ನಮಗೆ ಕೊಡದೇ ಇದ್ದ ಸಮಾಧಾನವನ್ನು ಒಂದು ದೆವ್ವ ಕೊಟ್ಟಿತು ಅಂದರೆ ನಗಬೇಡಿ.

ಹಾಗಂತ 'ನಮ್ಮ ಕಡೆಯವರು' ಅಂತ ನಾನು ಅಂದುಕೊಂಡಿರೋ ವಿಚಾರವಾದಿ ಮಿತ್ರರನ್ನೂ ಬಿಡೋ ಹಾಗಿಲ್ಲ. ಒಬ್ಬರ ಹತ್ರ ಮೊದಲ ಸಲ ಬಾಯಿ ಬಿಟ್ಟೆ, "ಎಲ್ಲ ಭ್ರಮೆ ಮಾರಾಯ, ಬಿಟ್ಟಾಕು" ಅಂದು ಮಾತು ಮುಗಿಸಿದರು. ಭ್ರಮೆ! ನಮ್ಮಲ್ಲಿ ಇದೊಂದು ಶಬ್ದ ಇಟ್ಟುಕೊಂಡು ಎಷ್ಟು ಅನ್ಯಾಯ ನಡೆದಿದೆ ನೋಡಿ. ಇಲ್ಲದ್ದು ಕಂಡರೂ ಭ್ರಮೆ, ಇಲ್ಲದ್ದು ನಂಬಿದರೂ ಭ್ರಮೆ, ಸಂಬಳ ಹೆಚ್ಚಾಗುತ್ತೆ ಅಂದುಕೊಂಡರೂ ಭ್ರಮೆ, ಚಿತ್ತ ಕೆಟ್ಟರೆ ಚಿತ್ತಭ್ರಮೆ. ಪುಟ್ಟಿ ಇಲ್ಲದ್ದು ಕೇಳಿಸಿಕೊಂಡಳು, ಆದರೆ ಇದೆ ಅಂತ ಒಂದು ದಿನವೂ ನಂಬಲಿಲ್ಲ. ಕೇಳಿದ 'ಹಾಗಾಗುತ್ತೆ' ಅಂತಲೇ ಅವಳು ಅತ್ತೆಗೆ ಹೇಳಿದ್ದು. ಆ 'ಹಾಗೆ' ಅನ್ನೋ ಪದವನ್ನು ಕೇಳಿಸಿಕೊಳ್ಳದ ಕಿವಿಗಳಿಗೆ ಏನು ಔಷಧಿ?

ಜೊಂಪು, ಮಂಪರು, ತೂಕಡಿಕೆ, ಅರೆನಿದ್ದೆ, ನಿದ್ದೆಗಣ್ಣು... ನಿದ್ದೆಯ ಹೊಸ್ತಿಲಿಗೇ ಇಷ್ಟು ಶಬ್ದ ಇರುವ ಭಾಷೆ ನಮ್ಮದು. ಅಲ್ಲಿ ಕೇಳುವ ಸದ್ದಿಗೆ ಒಂದು ಹೆಸರು ಕೊಡೋಕೆ ಆಗದಾ? ನಾನು ಸದ್ಯಕ್ಕೆ 'ಜೊಂಪುದನಿ' ಅಂತ ಇಟ್ಟುಕೊಂಡಿದ್ದೇನೆ. ಪದ ಕಟ್ಟೋದರಲ್ಲಿ ನಿಮ್ಮಲ್ಲಿ ಕೆಲವರು ನನಗಿಂತ ಗಟ್ಟಿಗರು. ಇನ್ನೂ ಚೆನ್ನಾಗಿರೋದು ಹೊಳೆದರೆ ಹೇಳಿ, ಇದನ್ನು ಬಿಟ್ಟುಬಿಡ್ತೀನಿ. ಸಂಸ್ಕೃತದ್ದೋ ಅಚ್ಚಕನ್ನಡದ್ದೋ ಅನ್ನೋ ಕುಸ್ತಿ ಮಾತ್ರ ಇಲ್ಲಿ ಬೇಡ ದಯವಿಟ್ಟು. ಹೆಸರಿರುವ ವಸ್ತುವಿಗೆ ಜನ ಅಷ್ಟು ಹೆದರಲ್ಲ. ಅಷ್ಟೇ ನನಗೆ ಬೇಕಾಗಿರೋದು.

ಪುಟ್ಟಿಯ ಕಥೆ ಎಲ್ಲಿಗೆ ಬಂತು ಅಂತ ಕೇಳ್ತೀರಿ. ಚಿಕ್ಕಮ್ಮ ಗಟ್ಟಿಗಿತ್ತಿ. ಸರ್ಕಾರಿ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದರು. ಅಲ್ಲೊಬ್ಬ ಚಿಕ್ಕ ವಯಸ್ಸಿನ ವೈದ್ಯೆ, ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿಸಿದರಂತೆ. ಯಾವಾಗ ಕೇಳುತ್ತೆ? ಹಗಲು, ಕೆಲಸ ಮಾಡುವಾಗ ಕೇಳುತ್ತಾ? ಹೀಗೆ ಮಾಡು ಹಾಗೆ ಮಾಡು ಅಂತ ಹೇಳುತ್ತಾ? ಕಣ್ಣು ಬಿಟ್ಟ ಮೇಲೂ ಅದು ನಿಜ ಅನಿಸುತ್ತಾ? ಹಗಲಲ್ಲಿ ತಡೆಯೋಕಾಗದ ನಿದ್ದೆ ಬರುತ್ತಾ, ಜೋರಾಗಿ ನಕ್ಕಾಗ ಮಂಡಿ ಸೋತು ಕುಸಿದ ಹಾಗಾಗುತ್ತಾ? (ಇದನ್ನು ಯಾಕೆ ಕೇಳಿದರು ಅಂದರೆ, ನಾರ್ಕೊಲೆಪ್ಸಿ ಅನ್ನೋ ನಿದ್ದೆಯ ಕಾಯಿಲೆಯಲ್ಲೂ ಜೊಂಪುದನಿ ಇರುತ್ತೆ. ಅದೂ ಹುಚ್ಚಲ್ಲ, ಆದರೆ ಹುಚ್ಚು ಅಂತ ತಪ್ಪು ತಿಳಿದು ಮಾತ್ರೆ ನುಂಗಿಸೋದುಂಟು.) ಕೊನೆಗೆ ಕೇಳಿದ್ದು, ಗಂಡನ ಮನೆಯಲ್ಲಿ ಎಷ್ಟು ಗಂಟೆ ಮಲಗ್ತಿದ್ದೆ? "ಐದು ಗಂಟೆ ಆಗಿದ್ರೆ ಹೆಚ್ಚು" ಅಂದಳಂತೆ. ನಿದ್ದೆಗೆಟ್ಟಷ್ಟೂ, ಮನಸ್ಸಿಗೆ ದಣಿವಾದಷ್ಟೂ ಇದು ಜಾಸ್ತಿ ಆಗಬಹುದು, ಮಲಗಿದ ತಪ್ಪಿಗೆ ಮಾತ್ರೆ ಬೇಕಿಲ್ಲ ಅಂದರಂತೆ ಆ ಪುಣ್ಯಾತ್ಗಿತ್ತಿ. ಮಾತ್ರೆಯನ್ನು ಒಂದೇ ಏಟಿಗೆ ಬಿಡಿಸದೆ, ತಿಂಗಳಾನುಗಟ್ಟಲೆ ಇಳಿಸುತ್ತಾ ಬಂದು ನಿಲ್ಲಿಸಿದರು. (ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬಿಡೋ ಸಾಹಸ ಮಾಡಬೇಡಿ, ಕೈ ಮುಗೀತೀನಿ.)

ಕೋರ್ಟಿನ ವಿಷಯ ಇನ್ನೂ ಹಾಗೇ ಇದೆ. 1955ರ ಹಿಂದೂ ವಿವಾಹ ಕಾಯಿದೆಯ 13ನೇ ಕಲಮಿನಲ್ಲಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಕಾರಣವಾಗಬಹುದು ಅಂತ ಇದೆ, ಹೌದು. ಆದರೆ ಜೊತೆಯಲ್ಲಿ ಬಾಳೋದು ಸಾಧ್ಯವೇ ಇಲ್ಲ ಅನ್ನುವಷ್ಟರ ಮಟ್ಟಿಗೆ ಇರಬೇಕು ಅಂತಲೂ ಅಲ್ಲೇ ಇದೆ. ಕಾಯಿಲೆಯ ಹೆಸರು ಹೇಳಿದರೆ ಸಾಲದು, ಅದು ಎಷ್ಟು ತೀವ್ರ ಅನ್ನೋದನ್ನು ತೋರಿಸಬೇಕು ಅಂತ ಸುಪ್ರೀಂ ಕೋರ್ಟು 1988ರಲ್ಲೇ ಹೇಳಿದೆ. ನೋಟೀಸು ಬರೆದ ವಕೀಲರಿಗೆ ಇದು ಗೊತ್ತಿಲ್ಲದೆ ಇರುತ್ತಾ? ಗೊತ್ತಿದೆ. ನಮಗೆ ಗೊತ್ತಿಲ್ಲ ಅನ್ನೋದೂ ಅವರಿಗೆ ಗೊತ್ತಿದೆ.

ಹೋದ ತಿಂಗಳು ಇದನ್ನೆಲ್ಲ ಓದಿಕೊಂಡು ಪುಟ್ಟಿಗೆ ಫೋನು ಮಾಡಿದೆ. ಏನೋ ದೊಡ್ಡ ಕೇಸು ಗೆದ್ದವನ ಹಾಗೆ ಒಂದೇ ಉಸಿರಿಗೆ ಒದರಿದೆ. ನಿನಗೇನೂ ಆಗಿಲ್ಲ ಕಣೇ, ನೂರರಲ್ಲಿ ಮೂವತ್ತೇಳು ಜನ, ಡಿಎಸ್ಎಂ, ಥಲಾಮಸ್ಸು. ಪೂರ್ತಿ ಕೇಳಿಸಿಕೊಂಡು ಅವಳು ಒಂದೇ ಮಾತು ಕೇಳಿದಳು.

"ಅಣ್ಣಾ, ನನಗೆ ಹಗಲು ಹೊತ್ತೇ ಕೇಳಿದ್ದಿದ್ರೆ ಅವರು ಮಾಡಿದ್ದು ಸರಿಯಾಗ್ತಿತ್ತಾ?"

ನಾನು ತಡವರಿಸಿದೆ. ಇಲ್ಲಿವರೆಗೆ ನಾನು ಕುಟ್ಟಿದ್ದನ್ನು ಹಿಂದೆ ತಿರುಗಿ ಓದಿ ನೋಡಿ. 'ಇವಳು ಹುಚ್ಚಿ ಅಲ್ಲ, ಹಾಗಾಗಿ ಹೊಡೆದದ್ದು ತಪ್ಪು' ಅಂತಲೇ ವಾದ ಮಾಡಿಕೊಂಡು ಬಂದಿದ್ದೇನೆ. ಹಾಗಾದರೆ ಹಗಲಲ್ಲಿ ದನಿ ಕೇಳುವವರು? ಅವರ ಬೆನ್ನಿಗೆ ಬೇವಿನ ಬಾರು ಬೀಳಬಹುದಾ? ಅವರನ್ನು ಮೂಟೆ ಕಟ್ಟಿದ ಹಾಗೆ ತವರಲ್ಲಿ ಎಸೆದು ಹೋಗಬಹುದಾ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತಲ್ಲ, ಸರಪಳಿ ಬಿಗಿದಿದ್ದ 28 ಜನ ಓಡಲಾರದೆ ಸತ್ತರು. ಅವರಲ್ಲಿ ಯಾರಿಗೆ ನಿಜವಾದ ಕಾಯಿಲೆ ಇತ್ತು, ಯಾರಿಗೆ ಬರೀ ಜೊಂಪುದನಿ ಇತ್ತು ಅಂತ ಬೆಂಕಿ ಕೇಳಲಿಲ್ಲ. ಕಾಯಿಲೆ ಇದ್ದವರನ್ನು ಮನುಷ್ಯರ ಹಾಗೆ ನೋಡುವ ಮನೆಯಲ್ಲಿ, ಕಾಯಿಲೆ ಇಲ್ಲದ ಸೊಸೆ ಕಾಫಿ ಕುಡಿಯುತ್ತಾ ಆಡಿದ ಮಾತಿಗೆ ಹೆದರಬೇಕಾಗೇ ಇರಲಿಲ್ಲ. ಇದನ್ನು ನನಗೆ ಹೇಳಿಕೊಡೋಕೆ ಆ ಹುಡುಗಿಯೇ ಬೇಕಾಯ್ತು. ಮೇಲಿನದನ್ನು ಅಳಿಸಿ ಹೊಸದಾಗಿ ಬರೆಯೋಣ ಅಂದುಕೊಂಡೆ. ಆಮೇಲೆ ಬೇಡ ಅನಿಸಿತು. ನಾನು ಹೇಗೆ ಯೋಚನೆ ಮಾಡ್ತಿದ್ದೆ ಅನ್ನೋದೂ ಕಾಣಲಿ.

ಹಗಲಲ್ಲಿ, ಪೂರ್ತಿ ಎಚ್ಚರದಲ್ಲಿ ದನಿ ಕೇಳುತ್ತಿದ್ದರೆ, ಅದು ಬೈಯುತ್ತಿದ್ದರೆ, ಏನಾದರೂ ಮಾಡು ಅನ್ನುತ್ತಿದ್ದರೆ ಖಂಡಿತ ಡಾಕ್ಟರ ಹತ್ರ ಹೋಗಿ. ಜ್ವರಕ್ಕೆ ಹೋದಷ್ಟೇ ಸಲೀಸಾಗಿ ಹೋಗಿ. ಅದರಲ್ಲಿ ನಾಚಿಕೆ ಏನಿದೆ?

ಬರೋ ಭಾನುವಾರ ಹಿರಿಯರು ಮತ್ತೆ ಕೂರ್ತಾರಂತೆ, ಅದೇ ಜಗಲಿಯಲ್ಲಿ. ಗಂಡನ ಕಡೆಯವರೂ ಇಬ್ಬರು ಬರ್ತಾರೆ. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಈ ಸಲ ಲೋಟ ನೋಡಲ್ಲ. ದೊಡ್ಡಪ್ಪ ಕೇಳಿದ್ದಕ್ಕೆ ಉತ್ತರ ನನ್ನ ಹತ್ರ ಇದೆ. ನನ್ನ ಮಗಳಿಗೂ ಹೇಳಿದೆ, ಹೀಗೆ ಹೇಳೋನಿದ್ದೀನಿ ಅಂತ. "ಅಯ್ಯೋ ಅಪ್ಪಾ, ನನಗೂ ಕೇಳುತ್ತಪ್ಪ, ನಿಂಗೆ ಗೊತ್ತಿರಲಿಲ್ವಾ?" ಅಂದು ಮತ್ತೆ ಫೋನಿನಲ್ಲಿ ಮುಳುಗಿದಳು. ನಾನು ಸುಮ್ಮನೆ ಒಬ್ಬನೇ ಇಷ್ಟು ವರ್ಷ...

ಓದುತ್ತಿರೋ ನಿಮ್ಮಲ್ಲಿ ಎಷ್ಟು ಜನಕ್ಕೆ ಕೇಳುತ್ತೆ? ಹೇಳ್ರಪ್ಪ. ಹೆಸರು ಹಾಕೋಕೆ ಮನಸ್ಸಿಲ್ಲದಿದ್ದರೆ ಅನಾಮಧೇಯರಾಗಿಯೇ ಬನ್ನಿ, ನಾನೇನೂ ಬೇಜಾರು ಮಾಡಿಕೊಳ್ಳಲ್ಲ. ಏನು ಕೇಳುತ್ತೆ ಅಂತ ಮಾತ್ರ ಬರೀರಿ. ಭಾನುವಾರದೊಳಗೆ ಬಂದರೆ ಮುದ್ರಿಸಿಕೊಂಡು ಹೋಗ್ತೀನಿ, ಆ ನಾಲ್ಕು ನಿಮಿಷದ ಚೀಟಿಯ ಪಕ್ಕದಲ್ಲಿ ಇಡೋಕೆ.

ಇದನ್ನು ಹಾಕೋ ಮೊದಲು ಪುಟ್ಟಿಗೆ ಪೂರ್ತಿ ಓದಿ ಹೇಳಿದೆ. ಅವಳು ಒಪ್ಪದೆ ಇದ್ದಿದ್ದರೆ ಹಾಕುತ್ತಿರಲಿಲ್ಲ. ಹೆಸರು ಬರೆದಿಲ್ಲವಲ್ಲ, ಹಾಕು ಅಂದಳು. ಎಲ್ಲ ಕೇಳಿ ಆದ ಮೇಲೆ, "ಅಣ್ಣ, ಆ ಹರಿವಾಣ ನಮ್ಮನೇಲಿದೆ. ಅಮ್ಮ ಅದರಲ್ಲೇ ಹಪ್ಪಳದ ಹಿಟ್ಟು ಕಲಸೋದು. ಅಂಚಲ್ಲಿ ಒಂದು ಕಡೆ ನೆಗ್ಗಿದೆ" ಅಂದಳು.